ದವಾಖಾನೆ ಕೌಂಟರಿನಲ್ಲಿ ಪಾಳಿ ಹಚ್ಚುವ ಕೆಲಸ: ನನ್ನ ಅನುಭವ

ವಿಜಯಪುರದಲ್ಲಿ ಸಕ್ಕರೆ ಕಾಯಿಲೆ, ಬಿಪಿ ನೋಡುವ ಡಾಕ್ಟರೊಬ್ಬರ ದವಾಖಾನೆಯಲ್ಲಿ ನಾನು ರಿಸೆಪ್ಷನಿಸ್ಟ್. ಫೋನ್ ಎತ್ತುವುದು, ಚೀಟಿ ಮಾಡುವುದು, ಫೀ ತಗೊಳ್ಳುವುದು ಇವನ್ನೆಲ್ಲ ಯಾರಾದರೂ ಬೇಗ ಕಲಿಯುತ್ತಾರೆ. ಟೈಮ್ ಹಿಡಿಯುವುದು ಪಾಳಿ. ಯಾರನ್ನು ಯಾವಾಗ ಒಳಗೆ ಬಿಡಬೇಕು ಅನ್ನೋದು.

ನಮ್ಮಲ್ಲಿಗೆ ಹಳ್ಳಿಯಿಂದ ಬರುವವರೇ ಜಾಸ್ತಿ. ಇಂಡಿ, ಸಿಂದಗಿ, ತಾಳಿಕೋಟಿ, ಬಬಲೇಶ್ವರ ಕಡೆಯವರು, ಒಮ್ಮೊಮ್ಮೆ ಮಹಾರಾಷ್ಟ್ರದ ಜತ್‌ನವರೂ. ಮೊದಲು ಬಂದವರಿಗೆ ಮೊದಲ ನಂಬರ್ ಅಂತ ಸುಮ್ನೆ ಕೊಡುತ್ತಾ ಹೋದರೆ, ಪಕ್ಕದ ಓಣಿಯವರು ಬೆಳಿಗ್ಗೆಯೇ ಹೆಸರು ಬರೆಸಿ ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ಬಸ್ ಹಿಡಿದು ಬಂದವರು ಹೊಟ್ಟೆ ಹಸಿದುಕೊಂಡು ಬೆಂಚಿನ ಮೇಲೆ ಕೂತಿರುತ್ತಾರೆ. ಅದು ನ್ಯಾಯ ಅಲ್ವಲ್ಲ. ಹಾಗಾಗಿ ಚೀಟಿ ಬರೆಯುವಾಗ ಎರಡು ಮಾತು ಕೇಳುತ್ತೇನೆ. ಯಾವ ಊರು? ಏನಾದರೂ ತಿಂದು ಬಂದಿದ್ದೀರಾ?

ಊರು ಕೇಳದೆ ಫೈಲ್ ಹುಡುಕಲೂ ಆಗುವುದಿಲ್ಲ. ಪಾಟೀಲರು, ಬಿರಾದಾರರು ನಮ್ಮ ಜಿಲ್ಲೆಯಲ್ಲಿ ಊರಿಗೊಂದಿಷ್ಟು ಮನೆ. ಹೆಸರು, ಅಡ್ಡಹೆಸರು ಎರಡೂ ಒಂದೇ ಇರುವವರು ಒಂದೇ ದಿನ ಬರುತ್ತಾರೆ. ಊರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮೂರೂ ಹೊಂದಿದ ಮೇಲೆಯೇ ಫೈಲ್ ಒಳಗೆ ಕಳಿಸುತ್ತೇನೆ.

ಎರಡನೇ ಪ್ರಶ್ನೆಗೆ ಬರುವ ಉತ್ತರ ಕೇಳಿ.

"ಉಪವಾಸ ಬಂದೀರೇನ್ರಿ ಕಾಕಾ?"

"ಹೂಂನವ್ವಾ, ಏನೂ ತಿಂದಿಲ್ಲ. ಬರೇ ಚಾ ಕುಡದೇನಿ."

ನಮ್ಮ ಕಡೆ ಚಹಾ ತಿಂದ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಸಕ್ಕರೆ, ಹಾಲು ಹಾಕಿದ ಚಹಾ ಕುಡಿದ ಮೇಲೆ ಉಪವಾಸದ ರಕ್ತ ಕೊಟ್ಟು ಉಪಯೋಗ ಇಲ್ಲ. ಅದಕ್ಕೆ ಹಿಂದಿನ ದಿನ ಫೋನಿನಲ್ಲೇ ಬಿಡಿಸಿ ಹೇಳುತ್ತೇನೆ: ರಾತ್ರಿ ಊಟ ಆದ ಮೇಲೆ ಕಮ್ಮಿ ಅಂದ್ರೂ 8 ತಾಸು ಬರೀ ನೀರು, ಚಹಾನೂ ಬೇಡ. ಬೆಳಗಿನ ಗುಳಿಗೆ, ಇನ್ಸುಲಿನ್ ಬಗ್ಗೆ ಕೇಳಿದರೆ ನಾನಾಗಿ ಏನೂ ಹೇಳುವುದಿಲ್ಲ. ಡಾಕ್ಟರನ್ನು ಕೇಳಿ ತಿರುಗಿ ಫೋನ್ ಮಾಡುತ್ತೇನೆ. ಮೂರು ತಿಂಗಳ ಸರಾಸರಿ ಸಕ್ಕರೆ ನೋಡುವ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ ಒಂದೇ ಇದ್ದರೆ ಉಪವಾಸ ಬೇಕಿಲ್ಲ. ಇದನ್ನು ಹೇಳದಿದ್ದರೆ ಪಾಪ, ವಯಸ್ಸಾದವರು ಸುಮ್ಮನೆ ಹಸಿದು ಬರುತ್ತಾರೆ.

ಉಪವಾಸ ಬಂದವರನ್ನು ನಂಬರ್ ಕಾಯಿಸದೆ ಮೊದಲು ರಕ್ತ ಕೊಡಲು ಕಳಿಸುತ್ತೇನೆ. ಆಮೇಲೆ ಗಂಟಿನಲ್ಲಿ ತಂದ ರೊಟ್ಟಿ ಪಲ್ಯ ಅಲ್ಲೇ ಬಿಚ್ಚಿ ಉಣ್ಣಲಿ. ಮೊದಲ ತುತ್ತು ಬಾಯಿಗಿಟ್ಟ ಹೊತ್ತನ್ನು ಚೀಟಿಯ ಹಿಂದೆ ಬರೆಯುತ್ತೇನೆ, ಯಾಕೆಂದರೆ ಊಟದ ನಂತರದ ಎರಡನೇ ರಕ್ತಕ್ಕೆ 2 ತಾಸು ಅಲ್ಲಿಂದ ಎಣಿಸಬೇಕು, ಕೈ ತೊಳೆದಾಗಿನಿಂದ ಅಲ್ಲ. ಆ ಎರಡು ತಾಸಿನಲ್ಲಿ ಇದೇ ಊರಿನವರು ಡಾಕ್ಟರಿಗೆ ತೋರಿಸಿ ಹೋಗುತ್ತಾರೆ. ಎರಡನೇ ರಕ್ತದ ರಿಪೋರ್ಟ್ ಬರುವ ಹೊತ್ತಿಗೆ ಹಳ್ಳಿಯವರ ಪಾಳಿ ಬರುತ್ತದೆ, ಮಧ್ಯಾಹ್ನದ ಬಸ್ಸೂ ಸಿಗುತ್ತದೆ.

ಇಷ್ಟೆಲ್ಲ ಹೊಂದಿಸಿದರೂ ಕಣ್ಣು ಬೆಂಚಿನ ಮೇಲೇ ಇರಬೇಕು. ಸಕ್ಕರೆ ಕಾಯಿಲೆಯವರು ಹಸಿದು ಕೂತಾಗ ಮೈ ಬೆವರಿ, ಕೈ ನಡುಗಿ, ಮಾತು ಗೊಂದಲ ಆದರೆ ಸಕ್ಕರೆ ಇಳಿದಿರಬಹುದು. ತಕ್ಷಣ ಸಿಸ್ಟರನ್ನು ಕರೆಯುತ್ತೇನೆ. ಗ್ಲುಕೋಸ್ ಪುಡಿ ನನ್ನ ಡ್ರಾದಲ್ಲೇ ಇರುತ್ತದೆ. ಎದೆ ಹಿಡಿದಂತಾಗುತ್ತದೆ ಅನ್ನುವವರಿಗೆ ಚೀಟಿಯೂ ಬೇಡ, ಫೀಯೂ ಬೇಡ, ನೇರ ಒಳಗೆ.

ಫೋನಿನಲ್ಲೂ ಹಾಗೇ. "ಅಪ್ಪಾರ ಬಾಯಿ ಸೊಟ್ಟ ಆಗೇತ್ರಿ, ಒಂದ್ ಕೈ ಎತ್ತಾಕ ಬರವಲ್ದು, ನಾಳೆ ನಂಬರ್ ಹಚ್ರಿ" ಅನ್ನುತ್ತಾರೆ. ನಂಬರ್ ಕೊಡುವುದಿಲ್ಲ. ಲಕ್ವ ಹೊಡೆದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೇ ಅವಕಾಶ, ಅದೂ ಸಿಟಿ ಸ್ಕ್ಯಾನ್ ಮಾಡಿ ನೋಡಿದ ಮೇಲೆ. "ನಾಳೆ ಬ್ಯಾಡ್ರಿ ಅಣ್ಣಾರ, ಈಗ 108ಕ್ಕ ಫೋನ್ ಮಾಡ್ರಿ, ಸ್ಕ್ಯಾನ್ ಇರೋ ದೊಡ್ಡ ದವಾಖಾನಿಗೆ ಹೋಗ್ರಿ" ಎನ್ನುತ್ತೇನೆ. ಅವರು ಹೂಂ ಅನ್ನುವವರೆಗೂ ಫೋನ್ ಇಡುವುದಿಲ್ಲ.

ಯಾರನ್ನಾದರೂ ಪಾಳಿ ಬಿಟ್ಟು ಒಳಗೆ ಕಳಿಸಿದರೆ ಎದ್ದು ನಿಂತು ಎಲ್ಲರಿಗೂ ಹೇಳುತ್ತೇನೆ: "ಇವರಿಗೆ ತ್ರಾಸ ಭಾಳ ಐತ್ರಿ, ಸ್ವಲ್ಪ ತಡೀರಿ." ಜನ ಒಪ್ಪುತ್ತಾರೆ. ಏನು ತ್ರಾಸ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಹೇಳದೆ ಕೇಳದೆ ಪರಿಚಯದವರನ್ನು ನುಗ್ಗಿಸಿದಾಗಲೇ ಜಗಳ ಏಳುವುದು. ದೊಡ್ಡವರ ಹೆಸರು ಹೇಳಿಕೊಂಡು ಬಂದವರಿಗೂ ನಾನು ನಂಬರ್ ಚೀಟಿಯನ್ನೇ ಕೊಡುತ್ತೇನೆ.

ಎಳ್ಳಮಾವಾಸ್ಯೆ ದಿನ ಎಲ್ಲರೂ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಹಾಕಲು, ಹೊಲಕ್ಕೆ ಹೋಗುವುದರಿಂದ ಬೆಂಚು ಖಾಲಿ. ಮರುದಿನ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ ಎರಡು ದಿನ ಮೊದಲೇ ಹಂಚಿಬಿಡುತ್ತೇನೆ: ಉಪವಾಸದ ರಕ್ತ ಕೊಡುವವರು ಬೆಳಿಗ್ಗೆ ಬನ್ನಿ, ಬರೀ ರಿಪೋರ್ಟ್ ತೋರಿಸುವ ಊರಿನವರು ಸಂಜೆ ಬನ್ನಿ.