ಆರ್ಕಿಟೆಕ್ಟ್ ಆಗಬೇಕಾ? ಪಿಯುಸಿ ಸೇರುವ ಮೊದಲೇ ಇದನ್ನು ಓದಿ

"ಮೊದಲು ಸಿವಿಲ್ ಇಂಜಿನಿಯರಿಂಗ್ ಮಾಡ್ತೀನಿ, ಆಮೇಲೆ ಆರ್ಕಿಟೆಕ್ಟ್ ಆಗ್ತೀನಿ" ಎನ್ನುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಂಥ ದಾರಿ ಇಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಬಹುದು. ಅದಕ್ಕೆ ಬೇಕಾದ್ದು 5 ವರ್ಷದ ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ. ಇಂಟೀರಿಯರ್ ಡಿಸೈನ್, ಪ್ಲಾನಿಂಗ್ ಇವೂ ಒಳ್ಳೆಯ ಕೋರ್ಸ್‌ಗಳೇ, ಆದರೆ ಬೇರೆ ಕೆಲಸಕ್ಕೆ. ಸಿವಿಲ್ ಮುಗಿಸಿದವರೂ ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಬೇಕು.

ಹಾಗಾಗಿ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಲಿ. ಪಿಸಿಎಂಬಿ ಆದರೂ ಸರಿ, ಪಿಸಿಎಂಸಿ ಆದರೂ ಸರಿ. ಗಣಿತ ಓದಿರುವ 3 ವರ್ಷದ ಡಿಪ್ಲೊಮಾ ಮಾಡಿದವರಿಗೂ ಅವಕಾಶ ಇದೆ.

ಇನ್ನು ಪರೀಕ್ಷೆ. ಕರ್ನಾಟಕದ ಕಾಲೇಜುಗಳಿಗೆ ನಾಟಾ ಬರೆಯಬೇಕು, ಇದು ಚಿತ್ರ ಬಿಡಿಸುವುದೂ ಸೇರಿರುವ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಾಟಾ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತದೆ, ಅಂದರೆ ಚಿತ್ರ ಬಿಡಿಸೋದ್ರಲ್ಲಿ ಹುಷಾರಿದ್ದೀನಿ ಅಂತ ಪಿಯುಸಿ ಕಡೆಗಣಿಸಿದರೆ ಸೀಟು ಕೈತಪ್ಪುತ್ತದೆ. ಸಿಇಟಿ ಪರೀಕ್ಷೆ ಬರೆಯದಿದ್ದರೂ ಕೆಇಎ ಅರ್ಜಿ ಮಾತ್ರ ಹಾಕಲೇಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳಿಗೆ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ತಿರುಚ್ಚಿ, ಕ್ಯಾಲಿಕಟ್ ಎನ್‌ಐಟಿಗಳಿಗೆ ಜೆಇಇ ಮೇನ್‌ನ ಬಿ.ಆರ್ಕ್ ಪೇಪರ್ ಬೇಕು. ಖರಗ್‌ಪುರ, ರೂರ್ಕಿ ಐಐಟಿ ಬೇಕೆಂದರೆ ಜೆಇಇ ಅಡ್ವಾನ್ಸ್‌ಡ್ ಪಾಸಾಗಿ ಎಎಟಿ ಎಂಬ ಆರ್ಕಿಟೆಕ್ಚರ್ ಅಭಿರುಚಿ ಪರೀಕ್ಷೆ ಬರೆಯಬೇಕು.

ಚಿತ್ರ ಬಿಡಿಸುವ ಕೈ ಚೆನ್ನಾಗಿಲ್ಲ ಎಂದು ಹೆದರಬೇಡಿ. ನೋಡುವ ಕಣ್ಣು ಮುಖ್ಯ. ಅಜ್ಜಿ ಮನೆ ತೊಟ್ಟಿ ಮನೆಯಾಗಿದ್ದರೆ ಒಂದು ರಜೆಯಲ್ಲಿ ಟೇಪ್ ಹಿಡಿದು ಅಳೆಯಿರಿ: ಅಂಗಳ ಎಷ್ಟು ಅಗಲ, ಜಗಲಿ ಎಷ್ಟು ಎತ್ತರ, ಮಧ್ಯಾಹ್ನ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಮಳೆ ನೀರು ಯಾವ ಕಡೆ ಹರಿಯುತ್ತದೆ, ಎಲ್ಲ ಬರೆದುಕೊಂಡು ಒಂದು ಹಾಳೆಯಲ್ಲಿ ಪ್ಲಾನ್ ಹಾಕಿ. ಆ ಕೆಲಸದಲ್ಲಿ ಊಟ ಮರೆತುಹೋಯಿತಾ? ಹಾಗಾದರೆ ಈ ಕೋರ್ಸ್ ನಿಮಗೆ ಹಿಡಿಸುತ್ತದೆ. ಬೇಜಾರಾದರೆ ಈಗಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು, ಅಲ್ವಾ?

ಕಾಲೇಜು ಆರಿಸುವಾಗ ಬ್ರೋಷರ್ ನಂಬಿ ಕೂರಬೇಡಿ. ಅಲ್ಲಿಗೇ ಹೋಗಿ. ಆಗುವುದಾದರೆ ಜ್ಯೂರಿ (ವಿದ್ಯಾರ್ಥಿಗಳು ತಮ್ಮ ಡಿಸೈನನ್ನು ಪರೀಕ್ಷಕರ ಮುಂದೆ ವಿವರಿಸುವುದು) ನಡೆಯುವ ದಿನ, ಇಲ್ಲವೇ ಕೊನೆಯ ವರ್ಷದವರ ಥೀಸಿಸ್ ಪ್ರದರ್ಶನದ ದಿನ ಹೋಗಿ. ಗೋಡೆಯ ಮೇಲಿನ ಶೀಟ್‌ಗಳೆಲ್ಲ ಒಂದೇ ತರ ಕಾಣುತ್ತವಾ, ಅಥವಾ ಒಬ್ಬೊಬ್ಬರದು ಒಂದೊಂದು ದಾರಿಯಾ? ಮೇಷ್ಟ್ರುಗಳು ತಾವೂ ಕಟ್ಟಡ ಕಟ್ಟುತ್ತಾರಾ? ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಎಲ್ಲಿ ಹೋಗಿದ್ದಾರೆ? ಕ್ಯಾಂಟೀನ್‌ನಲ್ಲಿ ಮೂರನೇ ವರ್ಷದವರನ್ನು ಹಿಡಿದು ಕೇಳಿ, ಸುಮ್ನೆ ನಾಲ್ಕು ಮಾತಾಡಿದರೂ ನಿಜ ಹೊರಗೆ ಬರುತ್ತದೆ. ನನ್ನ ಮಟ್ಟಿಗೆ ಸ್ಟುಡಿಯೋ, ಅಂದರೆ ಡಿಸೈನ್ ಮಾಡಿ ಕಲಿಯುವ ತರಗತಿ, ಚೆನ್ನಾಗಿರುವ ಚಿಕ್ಕ ಕಾಲೇಜು, ದೊಡ್ಡ ಕ್ಯಾಂಪಸ್ ಇರುವ ಸಪ್ಪೆ ಕಾಲೇಜಿಗಿಂತ ಎಷ್ಟೋ ಮೇಲು.

ದುಡ್ಡಿನ ವಿಷಯ ಅಪ್ಪ ಅಮ್ಮನ ಹತ್ತಿರ ಮೊದಲೇ ಮಾತಾಡಿ. ಫೀಸ್ ಒಂದೇ ಅಲ್ಲ, ಲ್ಯಾಪ್‌ಟಾಪ್, ಮಾಡೆಲ್ ಸಾಮಾನು, ಪ್ರಿಂಟ್, ಸ್ಟಡಿ ಟೂರ್, ಹೀಗೆ 5 ವರ್ಷವೂ ಖರ್ಚು ಇದ್ದೇ ಇರುತ್ತದೆ. ಫೀಸ್ ಕಟ್ಟುವ ಮೊದಲು ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಆ ಕಾಲೇಜಿಗೆ ಈ ವರ್ಷದ ಅನುಮತಿ ಇದೆಯಾ, ಎಷ್ಟು ಸೀಟಿಗೆ ಇದೆ ಎಂದು ನೀವೇ ನೋಡಿ. ಆಫೀಸಿನವರು ಬಾಯಲ್ಲಿ ಹೇಳಿದ್ದು ಸಾಲದು.