ಗ್ರೀನ್‌ಲ್ಯಾಂಡ್ ಖರೀದಿ ಸುದ್ದಿ: ಗ್ಲೋಬ್, ದಾರ ಹಿಡಿದು ಓದುವುದು ಹೇಗೆ?

ಒಂದು ದೇಶ ಇನ್ನೊಂದು ದೇಶದ ದ್ವೀಪವನ್ನು ಕೊಂಡುಕೊಳ್ಳಲು ಆಗುತ್ತಾ? ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಚಹಾ ಕುಡಿಯುವಾಗಲೂ ಈ ಪ್ರಶ್ನೆ ಎತ್ತುತ್ತಾರೆ. 2019ರಲ್ಲಿ ಡೊನಾಲ್ಡ್ ಟ್ರಂಪ್ ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ಅಮೆರಿಕಕ್ಕೆ ಬೇಕು ಅಂದಾಗ ಬಹಳ ಜನ ನಕ್ಕು ಸುಮ್ಮನಾಗಿದ್ದರು. 2025ರಲ್ಲಿ ಅದೇ ಮಾತು ಮತ್ತೆ ಬಂದಾಗ ಯಾರೂ ನಗಲಿಲ್ಲ. ನೋಟ್ಸ್‌ನ ನಾಲ್ಕು ಸಾಲು ಬಾಯಿಪಾಠ ಮಾಡಿದರೆ ಈ ವಿಷಯ ಕೈಗೆ ಸಿಗುವುದಿಲ್ಲ. ಒಂದು ಗ್ಲೋಬ್, ಒಂದು ತುಂಡು ದಾರ, ನೋಟ್‌ಬುಕ್ ಮತ್ತು ಭಾರತದ ಸಂವಿಧಾನದ ಪ್ರತಿ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ದಾರ ಎಳೆಯಿರಿ

ಗೋಡೆಯ ನಕಾಶೆ ಬೇಡ. ಅಂಥ ಹಲವು ನಕಾಶೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ ಸುಮಾರು 14 ಪಟ್ಟು ಇದೆ. ಗ್ರೀನ್‌ಲ್ಯಾಂಡ್‌ನ ವಿಸ್ತೀರ್ಣ 21.66 ಲಕ್ಷ ಚದರ ಕಿ.ಮೀ. ಭಾರತದ ಮೂರರಲ್ಲಿ ಎರಡು ಪಾಲು. ಅದರಲ್ಲಿ ಶೇ 80ರಷ್ಟು ಬರೀ ಮಂಜುಗಡ್ಡೆ. ಅಲ್ಲಿರುವ ಜನ ಸುಮಾರು 57 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ಹಾವೇರಿ ಪಟ್ಟಣವೊಂದರಲ್ಲೇ 67 ಸಾವಿರ ಜನ ಇದ್ದರು.

ಈಗ ಗ್ಲೋಬ್ ಮೇಲೆ ವಾಷಿಂಗ್ಟನ್‌ನಿಂದ ಮಾಸ್ಕೋಗೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಯುರೋಪಿನ ಕಡೆಗೆ ನೇರ ಅಡ್ಡಕ್ಕೆ ಹೋಗುವುದಿಲ್ಲ. ಉತ್ತರಕ್ಕೆ ಬಾಗಿ ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿ, ಐಸ್‌ಲ್ಯಾಂಡ್ ದಾಟಿ ಹೋಗುತ್ತದೆ. ಅಮೆರಿಕ ಮತ್ತು ರಷ್ಯಾ ನಡುವೆ ಕ್ಷಿಪಣಿ ಹಾರಿದರೆ ಅದರ ದಾರಿಯೂ ಉತ್ತರದ ಮೇಲೆಯೇ. ಹಾಗಾಗಿ ದ್ವೀಪದ ವಾಯವ್ಯ ಮೂಲೆಯಲ್ಲಿ ಅಮೆರಿಕದ ಪಿಟುಫಿಕ್ ನೆಲೆ ಇದೆ. ಕ್ಷಿಪಣಿ ಬರುವುದನ್ನು ಮೊದಲೇ ಪತ್ತೆ ಹಚ್ಚುವ ರೇಡಾರ್ ಇರುವುದು ಅಲ್ಲೇ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಬ್ರಿಟನ್ ನಡುವಿನ ಸಮುದ್ರದ ಮೇಲೂ ಬೆರಳು ಇಡಿ. ರಷ್ಯಾದ ಉತ್ತರ ಬಂದರುಗಳ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ಗೆ ಇಳಿಯುವ ದಾರಿ ಅದು. ಈ ದಾರ ಎಳೆದು ನೋಡಿದವರಿಗೆ 'ಮಂಜಿನ ದ್ವೀಪ ಯಾಕೆ ಬೇಕಪ್ಪ' ಎಂಬ ಪ್ರಶ್ನೆ ಉಳಿಯುವುದಿಲ್ಲ.

ಆಮೇಲೆ ಹಕ್ಕು ಯಾರದು ನೋಡಿ

ನಮ್ಮ ಕಡೆ ಹೊಲ ಕೊಳ್ಳುವವರು ಮೊದಲು ಉತಾರ ತೆಗೆಸಿ ಯಾರ ಹೆಸರಿದೆ, ಬೋಜಾ ಏನಿದೆ ನೋಡುತ್ತಾರೆ. ಇಲ್ಲೂ ಅದೇ ಕೆಲಸ ಮಾಡಿ. ನೋಟ್‌ಬುಕ್‌ನಲ್ಲಿ ಈ ವರ್ಷಗಳನ್ನು ಬರೆದುಕೊಳ್ಳಿ. 1933ರಲ್ಲಿ ಹೇಗ್‌ನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ (ಪಿಸಿಐಜೆ) ಪೂರ್ವ ಗ್ರೀನ್‌ಲ್ಯಾಂಡ್ ವಿವಾದದಲ್ಲಿ ನಾರ್ವೆಯ ವಾದ ತಳ್ಳಿ ಡೆನ್ಮಾರ್ಕ್ ಪರ ತೀರ್ಪು ಕೊಟ್ಟಿತು. 1979ರಲ್ಲಿ ದ್ವೀಪಕ್ಕೆ ಸ್ಥಳೀಯ ಆಡಳಿತ ಸಿಕ್ಕಿತು. 2009ರ ಸ್ವ-ಆಡಳಿತ ಕಾಯ್ದೆ ಎಲ್ಲಕ್ಕಿಂತ ಮುಖ್ಯ. ಗ್ರೀನ್‌ಲ್ಯಾಂಡ್ ಜನರಿಗೆ ತಮ್ಮ ಭವಿಷ್ಯ ತಾವೇ ನಿರ್ಧರಿಸುವ ಹಕ್ಕಿದೆ ಎಂದು ಅದು ಒಪ್ಪುತ್ತದೆ. ಹೊಲ ಮಾರುವಾಗ ಹೊಲವನ್ನು ಕೇಳಬೇಕಿಲ್ಲ. ಇಲ್ಲಿ ಡೆನ್ಮಾರ್ಕ್ ಸರ್ಕಾರ ಒಬ್ಬರೇ ಸಹಿ ಹಾಕಿ ಮುಗಿಸುವಂತಿಲ್ಲ, ಗ್ರೀನ್‌ಲ್ಯಾಂಡ್ ರಾಜಧಾನಿ ನೂಕ್‌ನಲ್ಲಿರುವ 31 ಸದಸ್ಯರ ಸಂಸತ್ತು ಮತ್ತು ಅದನ್ನು ಆರಿಸಿದ ಜನ ಮಾತಾಡಲೇಬೇಕು.

ಹಳೆಯ ವ್ಯವಹಾರ ಕೆದಕಿ

ಈ ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ. ಡೆನ್ಮಾರ್ಕ್ ಹಿಂದೆ ನೆಲ ಮಾರಿಯೇ ಇಲ್ಲ ಅಂತಲ್ಲ. ಅದು ಮಾರಿದ್ದರಲ್ಲಿ ಕೆಲವು ನಮ್ಮ ನೆಲವೇ. 1845ರಲ್ಲಿ ತಮಿಳುನಾಡಿನ ತರಂಗಂಬಾಡಿ ಮತ್ತು ಬಂಗಾಳದ ಸೆರಾಂಪುರವನ್ನು ಈಸ್ಟ್ ಇಂಡಿಯಾ ಕಂಪನಿಗೆ 12.5 ಲಕ್ಷ ರೂಪಾಯಿಗೆ ಕೊಟ್ಟಿತು. 1868ರಲ್ಲಿ ನಿಕೋಬಾರ್ ದ್ವೀಪಗಳ ಮೇಲಿನ ಹಕ್ಕನ್ನು ಬ್ರಿಟನ್‌ಗೆ ಮಾರಿತು. ಮಲಕ್ಕಾ ಜಲಸಂಧಿಯ ಬಾಗಿಲಲ್ಲಿ ಇವತ್ತು ಭಾರತ ಕಾವಲು ನಿಂತಿರುವುದು ಅದೇ ದ್ವೀಪಗಳಲ್ಲಿ.

1917ರ ವ್ಯವಹಾರವನ್ನಂತೂ ಬಿಡಲೇಬೇಡಿ. ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯಿ ದ್ವೀಪಗಳನ್ನು ಅಮೆರಿಕ 2.5 ಕೋಟಿ ಡಾಲರ್ ಚಿನ್ನ ಕೊಟ್ಟು ಡೆನ್ಮಾರ್ಕ್‌ನಿಂದ ಕೊಂಡಿತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನಿ ಅಲ್ಲಿ ನೆಲೆ ಮಾಡೀತು ಎಂಬ ಭಯ ಅಮೆರಿಕಕ್ಕಿತ್ತು. ಡೆನ್ಮಾರ್ಕ್‌ನಲ್ಲಿ ಜನಮತ ನಡೆಯಿತು. ಆದರೆ ಆ ದ್ವೀಪಗಳ ಜನರಿಗೆ ಅದರಲ್ಲಿ ಮತ ಇರಲಿಲ್ಲ. ಬಹುತೇಕರಿಗೆ ಅಮೆರಿಕದ ಪೌರತ್ವ ಸಿಕ್ಕಿದ್ದು ಹತ್ತು ವರ್ಷದ ಮೇಲೆ, 1927ರಲ್ಲಿ. ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಇವತ್ತಿಗೂ ಮತ ಇಲ್ಲ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ನೆನಪಿಡಬೇಕಾದ ಮತ್ತೊಂದು ಸಂಗತಿ: ಡೆನ್ಮಾರ್ಕ್ ಇಡೀ ಗ್ರೀನ್‌ಲ್ಯಾಂಡ್‌ಗೆ ತನ್ನ ಅಧಿಕಾರ ವಿಸ್ತರಿಸಿದರೆ ತನ್ನ ಆಕ್ಷೇಪ ಇಲ್ಲ ಎಂದು ಅಮೆರಿಕ ಅದೇ ಒಪ್ಪಂದದ ಜೊತೆಗೆ ಬರೆದುಕೊಟ್ಟಿತ್ತು.

1946ರಲ್ಲಿ ಅಮೆರಿಕದ ಟ್ರೂಮನ್ ಸರ್ಕಾರ ಗ್ರೀನ್‌ಲ್ಯಾಂಡ್‌ಗೆ 10 ಕೋಟಿ ಡಾಲರ್ ಚಿನ್ನ ಕೊಡಲು ಮುಂದೆ ಬಂತು. ಡೆನ್ಮಾರ್ಕ್ ಒಪ್ಪಲಿಲ್ಲ.

ಕೊಳ್ಳದೆ ಏನು ಸಿಗುತ್ತದೆ, ಲೆಕ್ಕ ಹಾಕಿ

1951ರ ರಕ್ಷಣಾ ಒಪ್ಪಂದದ ಪ್ರಕಾರ ಅಮೆರಿಕಕ್ಕೆ ಗ್ರೀನ್‌ಲ್ಯಾಂಡ್‌ನಲ್ಲಿ ನೆಲೆ ನಡೆಸುವ ಅವಕಾಶ ಈಗಾಗಲೇ ಇದೆ. ಹಿಂದೂ ಮಹಾಸಾಗರದ ಡಿಯೆಗೋ ಗಾರ್ಸಿಯಾ ನೋಡಿ, ಚಾಗೋಸ್ ದ್ವೀಪಗಳಲ್ಲಿ ಒಂದಾದ ಅಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾ ನೆಲೆ ಇದೆ. ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಟ್ಟು, ಆ ಒಂದು ನೆಲೆಯನ್ನು ಮಾತ್ರ 99 ವರ್ಷ ಗುತ್ತಿಗೆಗೆ ಇಟ್ಟುಕೊಳ್ಳುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ ತಿಂಗಳಲ್ಲಿ ಸಹಿ ಹಾಕಿತು. ಕಾವಲಿಗೆ ನೆಲೆ ಬೇಕಾದರೆ ಗುತ್ತಿಗೆ ಸಾಕು. ಮಾಲೀಕತ್ವವೇ ಬೇಕು ಅನ್ನುವವರನ್ನು ಬೇರೆ ಕಾರಣ ಏನು ಎಂದು ಕೇಳಬೇಕು, ಅಲ್ವಾ? ಗ್ರೀನ್‌ಲ್ಯಾಂಡ್‌ನ ನೆಲದಡಿ ಇರುವ ಅಪರೂಪದ ಖನಿಜಗಳನ್ನು ನೋಟ್‌ಬುಕ್‌ನಲ್ಲಿ 'ಬೇರೆ ಕಾರಣ' ಎಂಬ ಕಾಲಮ್ ಹಾಕಿ ಬರೆಯಿರಿ.

ನಮ್ಮ ಸಂವಿಧಾನ ತೆರೆಯಿರಿ

ಪರೀಕ್ಷೆಗೂ ಇದು ನೇರ ಉಪಯೋಗ. ಭಾರತ ತನ್ನ ನೆಲ ಇನ್ನೊಂದು ದೇಶಕ್ಕೆ ಕೊಡಬಹುದೇ? ಪಾಕಿಸ್ತಾನಕ್ಕೆ ಒಂದು ಭಾಗ ಕೊಡಲು ಹೊರಟಿದ್ದ ಬಂಗಾಳದ ಬೇರುಬಾರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿದ್ದು ಇಷ್ಟು: ರಾಜ್ಯಗಳ ಗಡಿ ಬದಲಿಸುವ 3ನೇ ವಿಧಿ ಸಾಲದು, ಸಂವಿಧಾನ ತಿದ್ದುಪಡಿಯೇ ಬೇಕು. 9ನೇ ತಿದ್ದುಪಡಿ ಬಂದದ್ದು ಹಾಗೆ. 2015ರಲ್ಲಿ ಬಾಂಗ್ಲಾದೇಶದ ಜೊತೆ ಗಡಿ ತುಣುಕುಗಳನ್ನು ಅದಲು ಬದಲು ಮಾಡಿಕೊಳ್ಳಲು 100ನೇ ತಿದ್ದುಪಡಿ ಆಯಿತು. ಆಗ ಅಲ್ಲಿದ್ದ ಜನರಿಗೆ ಯಾವ ದೇಶದ ಪ್ರಜೆಯಾಗಬೇಕು ಎಂದು ಆರಿಸುವ ಅವಕಾಶ ಇತ್ತು. ಕಚ್ಚತೀವು ದ್ವೀಪ ಶ್ರೀಲಂಕಾಕ್ಕೆ ಹೋದ 1974ರ ಒಪ್ಪಂದಕ್ಕೆ ಮಾತ್ರ ತಿದ್ದುಪಡಿ ಆಗಲಿಲ್ಲ. ಅದು ಗಡಿ ಗುರುತಿಸಿದ್ದು, ನೆಲ ಬಿಟ್ಟಿದ್ದಲ್ಲ ಎಂಬುದು ಕೇಂದ್ರದ ವಾದ. ತಮಿಳುನಾಡು ಇದನ್ನು ಒಪ್ಪಿಲ್ಲ.

ಕೊನೆಗೆ ಮೂವರು ಕೂತು ವಾದ ಮಾಡಿ

ಒಬ್ಬರು ಅಮೆರಿಕ, ಒಬ್ಬರು ಡೆನ್ಮಾರ್ಕ್, ಒಬ್ಬರು ಗ್ರೀನ್‌ಲ್ಯಾಂಡ್ ಆಗಿ. ಮೂರನೆಯವರಿಗೆ ಮೊದಲ ಮಾತು ಕೊಡಿ. ಅವರ ಪಾತ್ರ ಎಲ್ಲಕ್ಕಿಂತ ಕಠಿಣ. ಅಲ್ಲಿನ ಸರ್ಕಾರದ ಖರ್ಚಿನ ಅರ್ಧದಷ್ಟು ಡೆನ್ಮಾರ್ಕ್‌ನ ಅನುದಾನದಿಂದ ಬರುತ್ತದೆ, ಆದರೂ ಸ್ವತಂತ್ರರಾಗಬೇಕು ಎಂಬ ಆಸೆ ಬಹಳ ಜನರಿಗಿದೆ. ಅಮೆರಿಕ ಸೇರಬೇಕಾ ಎಂದು 2025ರ ಜನವರಿಯ ಸಮೀಕ್ಷೆ ಕೇಳಿದಾಗ ಶೇ 85ರಷ್ಟು ಜನ ಬೇಡ ಅಂದರು. ಬೇಕು ಅಂದವರು ಶೇ 6. ಉಳಿದಿಬ್ಬರೂ ತಮ್ಮ ವಾದವನ್ನು ಈ ಉತ್ತರದ ಎದುರು ಇಟ್ಟು ಮುಂದುವರಿಸಲಿ.