ಹೀಟರ್ ಪ್ಲಗ್ ಹೊಸದು, ಕಾರು ಮಾತ್ರ ಏಳುತ್ತಿಲ್ಲ: ಗ್ಲೋ ಪ್ಲಗ್ ಮಾಡ್ಯೂಲ್ ಮನೆಯಲ್ಲೇ ಬದಲಿಸುವ ಬಗೆ

ಡಿಸೆಂಬರಿನ ಬೆಳಿಗ್ಗೆ ಆರು ಗಂಟೆ, ಮೂಡಿಗೆರೆಯ ಚಳಿ. ಸೆಲ್ಫ್ ಹೊಡೆದರೆ ನಮ್ಮ ಹಳೆಯ ಡೀಸೆಲ್ ಕಾರು ಎರಡು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಗ್ಯಾರೇಜಿನಲ್ಲಿ ನಾಲ್ಕೂ ಹೀಟರ್ ಪ್ಲಗ್ ಬದಲಿಸಿ ಕಳಿಸಿದರು. ಮರುದಿನವೂ ಅದೇ ಕೆಮ್ಮು. ಕೆಟ್ಟಿದ್ದು ಪ್ಲಗ್ಗುಗಳಲ್ಲ, ಅವಕ್ಕೆ ಕರೆಂಟ್ ಹಂಚುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕಪ್ಪು ಡಬ್ಬಿ. ಅದೇ ಗ್ಲೋ ಪ್ಲಗ್ ಮಾಡ್ಯೂಲ್.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿ ಕಾಯುತ್ತದೆ, ಆ ಬಿಸಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ರಾತ್ರಿಯಿಡೀ ತಣಿದ ಎಂಜಿನ್ ಈ ಬಿಸಿಯನ್ನೇ ಹೀರಿಬಿಡುವುದರಿಂದ ಗ್ಲೋ ಪ್ಲಗ್ ಬೇಕು. ಗ್ಯಾರೇಜಿನವರ ಬಾಯಲ್ಲಿ ಅದು ಹೀಟರ್ ಪ್ಲಗ್. ಅದರ ತುದಿ ಕೆಲವೇ ಸೆಕೆಂಡಿನಲ್ಲಿ 800 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಶುರುವಿನಲ್ಲಿ ಒಂದೊಂದು ಪ್ಲಗ್ಗೂ 10ರಿಂದ 20 ಆಂಪಿಯರ್ ಎಳೆಯುತ್ತದೆ. ಎರಡು ಹೆಡ್‌ಲೈಟ್ ಸೇರಿದರೂ ಹತ್ತು ದಾಟುವುದಿಲ್ಲ, ನೆನಪಿಡಿ. ಇಷ್ಟು ಕರೆಂಟ್ ಕೊಡುವ ತಾಕತ್ತು ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗಿಲ್ಲ. ಅದು ಅಪ್ಪಣೆ ಕೊಡುತ್ತದೆ, ಮಾಡ್ಯೂಲ್ ಹಂಚುತ್ತದೆ.

ಬಿಚ್ಚಿ ಹಾಕುವುದು ಅರ್ಧ ಗಂಟೆಯ ಕೆಲಸ. ತಪ್ಪಿತಸ್ಥ ಮಾಡ್ಯೂಲೇ ಹೌದೋ ಎಂದು ಪತ್ತೆ ಮಾಡುವುದೇ ನಿಜವಾದ ಕೆಲಸ.

ಮೊದಲು ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆಯೇ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಪ್ಲಗ್ ಕಾಯಿಸುವ ಅಗತ್ಯವೇ ಇಲ್ಲವೆಂದು ಇಸಿಯು ಸುಮ್ಮನಿರಬಹುದು. ನೀವು ಸುಮ್ಮಸುಮ್ಮನೆ ಮಾಡ್ಯೂಲನ್ನು ಬೈಯುತ್ತೀರಿ. ಮಲ್ಟಿಮೀಟರಿನಲ್ಲಿ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಕಾರಿನ ದೋಷದ ಕೋಡ್ ತೋರಿಸುವ ಸ್ಕ್ಯಾನರ್ ಇದ್ದರೆ ಕೋಡ್ ಓದಿ: ಪಿ0670 ಬಂದರೆ ಅನುಮಾನ ಮಾಡ್ಯೂಲ್ ಕಡೆಗೆ ಅಥವಾ ಅದರ ವೈರಿಂಗ್ ಕಡೆಗೆ. ಪಿ0671ರಿಂದ ಪಿ0674ರವರೆಗಿನವು ಒಂದೊಂದು ಸಿಲಿಂಡರಿನ ಪ್ಲಗ್ ಸರ್ಕ್ಯೂಟಿನ ದೂರು.

ಡಬ್ಬಿ ಎಲ್ಲಿದೆ? ಕಾರಿನಿಂದ ಕಾರಿಗೆ ಬೇರೆ. ಕೆಲವದರಲ್ಲಿ ಬ್ಯಾಟರಿ ಪಕ್ಕ, ಕೆಲವದರಲ್ಲಿ ಫ್ಯೂಸ್ ಬಾಕ್ಸಿನ ಹತ್ತಿರ, ಇನ್ನು ಕೆಲವದರಲ್ಲಿ ಎಂಜಿನ್ ಮೈಮೇಲೆ. ಪ್ಲಗ್ಗುಗಳ ತಲೆಯಿಂದ ಹೊರಟ ವೈರುಗಳನ್ನೇ ಬೆರಳಲ್ಲಿ ಹಿಡಿದು ಹೋದರೆ ಅಲ್ಲಿಗೇ ತಲುಪುತ್ತೀರಿ. ಬ್ಯಾಟರಿಯಿಂದ ಬರುವ ದಪ್ಪ ವೈರಿನ ದಾರಿಯಲ್ಲಿ ದೊಡ್ಡ ಫ್ಯೂಸ್ ಇರುತ್ತದೆ. ಅದು ಸುಟ್ಟಿದೆಯೋ ನೋಡಿ.

ಈಗ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಮಾಡ್ಯೂಲಿನಿಂದ ಪ್ಲಗ್ಗುಗಳಿಗೆ ಹೋಗುವ ಕನೆಕ್ಟರ್ ಕಳಚಿ, ಅದರ ಒಂದೊಂದು ಪಿನ್ನಿಗೂ ಎಂಜಿನ್ನಿನ ಅರ್ತಿಗೂ (ಅದರ ಬರಿಯ ಲೋಹದ ಮೈಗೂ) ನಡುವೆ ಓಮ್ ಅಳೆಯಿರಿ. ಒಂದು ಓಮಿನ ಆಸುಪಾಸು ಬಂದರೆ ಪ್ಲಗ್ ಸರಿ. ಏನೂ ತೋರಿಸದಿದ್ದರೆ ಪ್ಲಗ್ ಸುಟ್ಟಿದೆ ಅಥವಾ ವೈರ್ ತುಂಡಾಗಿದೆ. ಮೀಟರಿನ ಎರಡು ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿದಾಗ ಬರುವ ಅಂಕಿಯೇ ಬಂದರೆ ಎಚ್ಚರ: ಪ್ಲಗ್ ಶಾರ್ಟ್ ಆಗಿರಬಹುದು. ಅದನ್ನು ಹಾಗೇ ಬಿಟ್ಟು ಹೊಸ ಮಾಡ್ಯೂಲ್ ಹಾಕಿದರೆ ಅದೂ ಸುಟ್ಟುಹೋದೀತು.

ಎಲ್ಲ ಮತ್ತೆ ಜೋಡಿಸಿ ಕೀ ಆನ್ ಮಾಡಿ. ದಪ್ಪ ವೈರಿನಲ್ಲಿ 12 ವೋಲ್ಟ್ ಇದ್ದು, ಇಸಿಯುವಿನ ಅಪ್ಪಣೆಯೂ ಬಂದು, ಪ್ಲಗ್ ಕಡೆ ಏನೂ ಇಲ್ಲದಿದ್ದರೆ ಮಾಡ್ಯೂಲ್ ಸತ್ತಿದೆ. ಹೊಸ ಮಾದರಿಯ ಮಾಡ್ಯೂಲುಗಳು ಕರೆಂಟನ್ನು ಬಿಟ್ಟುಬಿಟ್ಟು ಕೊಡುವುದರಿಂದ ಮೀಟರಿನಲ್ಲಿ ಐದಾರು ವೋಲ್ಟ್ ಕಂಡರೂ ಅದು ದೋಷವಲ್ಲ. ಅಂಥ ಕಾರಿನ ಪ್ಲಗ್ಗಿಗೆ ಬ್ಯಾಟರಿಯಿಂದ ನೇರ ವೈರ್ ಎಳೆದು ಪರೀಕ್ಷಿಸಬೇಡಿ, ಕ್ಷಣದಲ್ಲಿ ಸುಟ್ಟೀತು.

ಬದಲಿಸುವುದು

ಹಳೆಯ ಡಬ್ಬಿಯ ಮೇಲಿನ ಪಾರ್ಟ್ ನಂಬರ್ ನೋಡಿಯೇ ಹೊಸದು ತನ್ನಿ. ಕಾರಿನ ಹೆಸರು ಹೇಳಿ ತಂದರೆ ಪಿನ್ ಹೊಂದದೆ ಪೇಚಾಡಬೇಕಾದೀತು. ಕೆಲವು ಕಾರುಗಳಲ್ಲಿ ಹೊಸ ಮಾಡ್ಯೂಲಿಗೆ ಸ್ಕ್ಯಾನರಿನಿಂದ ಕೋಡಿಂಗ್, ಅಂದರೆ ಆ ಕಾರಿಗೆ ಹೊಂದಿಸುವ ಕೆಲಸ, ಬೇಕು, ಅಂಗಡಿಯಲ್ಲೇ ಕೇಳಿಕೊಳ್ಳಿ.

ಮೈನಸ್ ಟರ್ಮಿನಲ್ ಮತ್ತೆ ಬಿಚ್ಚಿ. ಜೋಡಣೆಯ ಫೋಟೊ ತೆಗೆದುಕೊಳ್ಳಿ. ಕನೆಕ್ಟರಿನ ಕೊಕ್ಕೆಯನ್ನು ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ. ಎಂಜಿನ್ ಬಿಸಿಗೆ ಆ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ. ನನ್ನ ಕಾರಿನಲ್ಲಿ ಒಂದು ಪಿನ್ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷೂ ಕಾಂಟ್ಯಾಕ್ಟ್ ಕ್ಲೀನರೂ ಸಾಕಾದವು. ಪಿನ್ ಕಪ್ಪಾಗಿ ಸುಟ್ಟಿದ್ದರೆ ಕನೆಕ್ಟರನ್ನೂ ಬದಲಿಸಬೇಕು. ಡಬ್ಬಿ ಹಿಡಿದ ಒಂದೆರಡು ಬೋಲ್ಟಿಗೆ ಬಹುಮಟ್ಟಿಗೆ 10ನೇ ನಂಬರಿನ ಸ್ಪ್ಯಾನರ್ ಸಾಕು. ಹೊಸದನ್ನು ಕೂರಿಸಿ, ಕನೆಕ್ಟರ್ 'ಟಕ್' ಅನ್ನುವವರೆಗೆ ಒತ್ತಿ. ದಪ್ಪ ವೈರಿನ ನಟ್ ಸಡಿಲ ಉಳಿಯಬಾರದು, ಸಡಿಲವಿದ್ದರೆ ಅಲ್ಲೇ ಕಾದು ಕರಗುತ್ತದೆ.

ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ. ಗಡಿಯಾರ, ಕೆಲವು ಕಾರುಗಳ ಪವರ್ ವಿಂಡೋ ಮತ್ತೆ ಹೊಂದಿಸಬೇಕಾಗುತ್ತದೆ. ಆಗಲೇ ಸ್ಟಾರ್ಟ್ ಆಯಿತೆಂದು ಬೀಗಬೇಡಿ. ಕಾರನ್ನು ರಾತ್ರಿಯಿಡೀ ಹೊರಗೆ ನಿಲ್ಲಿಸಿ. ಬೆಳಿಗ್ಗೆ ಕೀ ತಿರುಗಿಸಿ, ಹಳದಿ ಸುರುಳಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ನಮ್ಮ ಕಾರು ಒಂದೇ ಸಲಕ್ಕೆ ಎದ್ದಿತು, ಹೊಗೆ ಹೆಸರಿಗಷ್ಟೇ. ಆ ನಾಲ್ಕು ಹಳೆಯ ಪ್ಲಗ್ಗುಗಳನ್ನು ಅಳೆದು ನೋಡಿದೆ, ನಾಲ್ಕೂ ಚೆನ್ನಾಗಿಯೇ ಇದ್ದವು.